ತಾಯಿ ಹೆಸರಿನ ಕಾಲಂ

ಹಾಜಿ ದಸೂಕಿಯವರ ಫೋಟೋ ಕೆಳಗೆ ಒಂದು ಸಾಲು ಕಾಣಬೇಕಿತ್ತು, ಕಾಣಲಿಲ್ಲ. ಅಷ್ಟೇ ಸಮಸ್ಯೆ. ಅಷ್ಟಕ್ಕೇ ನಮ್ಮ ದುಮ್ಯಾತ್ ಊರಿನ ಇನ್ನೂರ ಹದಿಮೂರು ಬಡಗಿಗಳ ಮಾನ ಒಂದೇ ಮಧ್ಯಾಹ್ನ ಬೀದಿಗೆ ಬಂತು ಅಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಬೇಡ.

ನೀಲ್‌ದಂಡೆ ಮರಗೆಲಸದವರ ಸಂಘದ ಹೊಸ ವೆಬ್‌ಸೈಟಿನಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಪುಟ. ಮೇಲೆ ಫೋಟೋ, ಅದರ ಕೆಳಗೆ ಹೆಸರು, ಅದರ ಕೆಳಗೆ ಪರಿಣತಿ. ಫೋಟೋ ಬಂದಿತ್ತು, ಹೆಸರು ಬಂದಿತ್ತು, ಪರಿಣತಿ ಇರಬೇಕಾದ ಕಡೆ ಬೋಳು ಬಿಳಿ ಜಾಗ. ಯಾರದೂ ಬಂದಿರಲಿಲ್ಲ. ಆದರೆ ಹಾಜಿ ಮತ್ವಲ್ಲಿಯದು ಮಾತ್ರ ಬಂದ ಹಾಗೆ ಕಾಣುತ್ತಿತ್ತು. ಯಾಕೆಂದರೆ ಆ ಪುಣ್ಯಾತ್ಮ ಫೋಟೋ ತೆಗೆಸಿಕೊಂಡದ್ದೇ ತನ್ನ ಅಂಗಡಿ ಬೋರ್ಡಿನ ಕೆಳಗೆ ನಿಂತು. ‘ಕುರ್ಚಿಗಳ ಸುಲ್ತಾನ’ ಎಂಬ ಕೆಂಪು ಅಕ್ಷರಗಳು ಅವನ ಬೋಳುತಲೆಯ ಮೇಲೆ ಸರಿಯಾಗಿ ಕೂತಿದ್ದವು.

ಹಾಜಿ ದಸೂಕಿ ಮತ್ತು ಹಾಜಿ ಮತ್ವಲ್ಲಿಯ ಅಂಗಡಿಗಳು ಎದುರುಬದುರು. ಇಬ್ಬರೂ ಕೆತ್ತುವುದು ಒಂದೇ, ಹಳೇ ಫ್ರೆಂಚ್ ರಾಜರ ಮಾದರಿಯ ಲೂಯಿ ಕುರ್ಚಿ. ಇಪ್ಪತ್ತು ವರ್ಷದಿಂದ ಇಬ್ಬರೂ ಸಲಾಮ್ ಹೇಳುತ್ತಾರೆ, ಆದರೆ ಮುಖ ನೋಡಿ ಅಲ್ಲ. ಹೀಗಿರುವಾಗ ಬೆಳಗ್ಗೆ ಎಂಟೂವರೆಗೇ ವೆಬ್‌ಸೈಟ್ ಮಾಡಿದ ಲುತ್ಫಿಗೆ ದಸೂಕಿಯ ಫೋನ್ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

“ಲುತ್ಫೀ, ನೀನು ಇಂಜಿನಿಯರ್ ತಾನೇ?”

“ಹೌದು ಹಾಜಿಯವರೇ, ಎಲ್ರೂ ಹಾಗೇ ಅಂತಾರೆ” ಅಂದ ಲುತ್ಫಿ. ಓದಿದ್ದು ವಾಣಿಜ್ಯ. ಸಂಘದಲ್ಲಿ ಕಂಪ್ಯೂಟರ್ ಮುಟ್ಟಲು ಹೆದರದ ಏಕೈಕ ಮನುಷ್ಯ ಅವನಾದ್ದರಿಂದ ಆ ಬಿರುದು ತಾನಾಗಿ ಅಂಟಿಕೊಂಡಿತ್ತು.

“ಮತ್ವಲ್ಲಿ ಸುಲ್ತಾನ, ನಾನು ಬರೀ ದಸೂಕಿ. ಇದ್ಯಾವ ನ್ಯಾಯ?”

“ಅದು ಫೋಟೋದಲ್ಲಿರೋ ಬೋರ್ಡು ಹಾಜಿಯವರೇ…”

“ನನಗೆ ಬೋರ್ಡು ಗೀರ್ಡು ಹೇಳ್ಬೇಡ. ‘ಲೂಯಿ ಕುರ್ಚಿ ಕೆತ್ತನೆಯಲ್ಲಿ ಮೂವತ್ತು ವರ್ಷದ ಪರಿಣತಿ’ ಅಂತ ನನ್ನ ಕೈಯಾರೆ ಬರೆದುಕೊಟ್ಟಿದ್ದೀನಿ. ಮೂರು ಗಂಟೆಗೆ ಕೈರೋ ವ್ಯಾಪಾರಿಗಳು ಪುಟ ನೋಡ್ತಾರಂತೆ. ಅಷ್ಟರೊಳಗೆ ಆ ಸಾಲು ಕಾಣ್ಬೇಕು. ಒಂದು ಸಾಲು ತೋರಿಸೋಕಾಗದವನು ನನ್ನ ಮಗಳಿಗೆ ಏನು ಬಾಳು ತೋರಿಸ್ತೀಯಾ? ಕಾಣದಿದ್ರೆ ಸಂಜೆ ಮನೆಗೆ ಬರೋ ತೊಂದ್ರೆ ತಗೋಬೇಡ.”

ಫೋನ್ ಕಟ್ಟಾಯಿತು. 

ಮಗಳು ಅಂದರೆ ನಹ್ಲಾ. ಸಂಘದ ಕಚೇರಿಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷದಿಂದ ಲುತ್ಫಿ ತಲೆನೋವಿಲ್ಲದೆ ತಲೆನೋವಿನ ಮಾತ್ರೆ ಕೊಳ್ಳುತ್ತಿದ್ದ. ಕೊನೆಗೆ ಅವಳೇ “ಇಷ್ಟು ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತೆ, ಬಂದು ನಮ್ಮಪ್ಪನ ಹತ್ರ ಮಾತಾಡಿ” ಅಂದಿದ್ದಳು. ಮಾತಾಡಿದ್ದೂ ಆಗಿತ್ತು. ಆ ದಿನ ಸಂಜೆ ಮಗ್ರಿಬ್ ನಮಾಜು ಮುಗಿದ ಮೇಲೆ ಹಾಜಿಯ ಮನೆಯಲ್ಲಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಿ ಮದುವೆ ಮಾತು ಗಟ್ಟಿ ಮಾಡಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಇಪ್ಪತ್ತೆಂಟು ವರ್ಷದ ಬಾಳಿನಲ್ಲಿ ಲುತ್ಫಿ ಇಷ್ಟೊಂದು ಆಸೆಪಟ್ಟ ಸಂಜೆ ಇನ್ನೊಂದಿರಲಿಲ್ಲ.

ಕಚೇರಿಗೆ ಹೋಗಿ ಕಂಪ್ಯೂಟರ್ ತೆರೆದ. ಒಳಗಡೆ ಎಲ್ಲ ಸರಿಯಾಗಿತ್ತು. ಹಾಜಿಯ ಹೆಸರು ಒತ್ತಿದರೆ ಅರ್ಜಿಯ ಹದಿನೇಳು ಕಾಲಮ್ಮುಗಳೂ ತುಂಬಿದ್ದವು. ಪರಿಣತಿಯ ಕಾಲಮ್ಮಿನಲ್ಲಿ ಮೂವತ್ತು ವರ್ಷದ ಪರಿಣತಿ ಕಾಲು ಚಾಚಿಕೊಂಡು ಕೂತಿತ್ತು. ಹೊರಗೆ ಬರಲು ಮಾತ್ರ ತಯಾರಿಲ್ಲ.

ಹದಿನೇಳು ಕಾಲಂ ಯಾಕೆ ಅಂದರೆ, ಅದಕ್ಕೆ ಉಸ್ತಾದ್ ಫಿಕ್ರಿಯವರನ್ನು ಕೇಳಬೇಕು. ಫಿಕ್ರಿ ಸಂಘದ ಕಾರ್ಯದರ್ಶಿ, ಶಾಲಾ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ಆ ನಿವೃತ್ತಿಯ ಸುದ್ದಿ ಇನ್ನೂ ಅವರಿಗೆ ಪೂರ್ತಿ ಮುಟ್ಟಿರಲಿಲ್ಲ. ವೆಬ್‌ಸೈಟ್ ಮಾಡುವಾಗ ಅವರು ಸಂಘದ ಹಳೇ ಅರ್ಜಿ ನಮೂನೆಯನ್ನು ತಂದು ಲುತ್ಫಿಯ ಮುಂದಿಟ್ಟಿದ್ದರು. ತಾತನ ಹೆಸರು, ರಕ್ತದ ಗುಂಪು, ಸೈನ್ಯದ ಸೇವೆ, ತಾಯಿಯ ಪೂರ್ಣ ಹೆಸರು, ಒಂದೂ ಬಿಡುವ ಹಾಗಿಲ್ಲ.

“ತಾಯಿ ಹೆಸರು ಯಾಕೆ ಉಸ್ತಾದ್?” ಅಂತ ಲುತ್ಫಿ ಆಗಲೇ ಕೇಳಿದ್ದ.

“ಫಾರ್ಮಿನಲ್ಲಿದೆ. ಫಾರ್ಮಿನಲ್ಲಿದ್ದ ಮೇಲೆ ಇರಬೇಕು. ಯಾರಿಗೂ ಕಾಣೋದಿಲ್ಲವಲ್ಲ, ಬಿಡು.”

ಸದಸ್ಯರು ಆ ಕಾಲಮ್ಮನ್ನು ತುಂಬಿದ ರೀತಿ ನೋಡಬೇಕಿತ್ತು. ಪಕ್ಕದವನಿಗೆ ಬೆನ್ನು ಹಾಕಿ, ಅಂಗೈ ಅಡ್ಡ ಹಿಡಿದು ಬರೆದು, ಕಾಗದ ನಾಲ್ಕು ಮಡಿಕೆ ಮಾಡಿ, ಗುಮಾಸ್ತೆ ಮದಾಮ್ ಇಸ್ಮತ್ ಕೈಗೇ ಕೊಟ್ಟು ಹೋಗಿದ್ದರು. ನಮ್ಮ ಕಡೆ ಗಂಡಸು ತನ್ನ ಸಾಲ ಹೇಳಿಕೊಂಡಾನು, ಕಾಯಿಲೆ ಹೇಳಿಕೊಂಡಾನು, ಅಮ್ಮನ ಹೆಸರು ಹೇಳಲಾರ. ಬೀದಿಗೆ ಅದು ಗೊತ್ತಾದರೆ ಸಾಯುವವರೆಗೂ ಅದನ್ನೇ ಹಿಡಿದು ಕೂಗುತ್ತಾರೆ. ಫೋನಿನಲ್ಲಿ ಅಮ್ಮನ ನಂಬರನ್ನು ‘ಪ್ಲಂಬರ್’ ಅಂತ ಬರೆದಿಟ್ಟುಕೊಂಡಿರುವ ಧೀರರು ನನಗೇ ಮೂವರು ಗೊತ್ತು.

ಇರಲಿ. ಲುತ್ಫಿ ಪುಟದ ಅಚ್ಚು, ಅಂದರೆ ಟೆಂಪ್ಲೇಟ್, ತೆರೆದ. ಯಾವುದು ಎಲ್ಲಿ ಕಾಣಬೇಕು ಅಂತ ಅಲ್ಲಿ ಬರೆದಿರುತ್ತದೆ. ‘ಹೆಸರು ತೋರಿಸು’ ಅಂತಿತ್ತು, ‘ಪರಿಣತಿ ತೋರಿಸು’ ಅಂತಲೂ ಇತ್ತು. ಪುಟ ತೆರೆದರೆ ಬೋಳು. ಅಕ್ಷರ ದೊಡ್ಡದು ಮಾಡಿದ. ಬೋಳು. ಬಣ್ಣ ಕೆಂಪು ಮಾಡಿದ. ಬೋಳು.

“ಹಸಿರು ಮಾಡಿ ನೋಡು” ಅಂದರು ಫಿಕ್ರಿ, ಹಿಂದೆ ನಿಂತು. ಅವರು ಒಂಬತ್ತು ಗಂಟೆಯಿಂದ ಅಲ್ಲೇ ನಿಂತಿದ್ದರು.

“ಬಣ್ಣದ್ದಲ್ಲ ಉಸ್ತಾದ್ ಸಮಸ್ಯೆ.”

“ಮಾಡಿ ನೋಡೋದಕ್ಕೇನು ಕಷ್ಟ? ನಾನು ನಲವತ್ತು ಶಾಲೆ ನೋಡಿದವನು.”

ಹಸಿರು ಮಾಡಿದ. ಬೋಳು.

“ಕಣ್ಣು ತಗುಲಿದೆ” ಅಂದರು ಮದಾಮ್ ಇಸ್ಮತ್, ಸೂರ್ಯಕಾಂತಿ ಬೀಜ ಸುಲಿಯುತ್ತ. “ಹೊಸ ವೆಬ್‌ಸೈಟು, ಹೊಸ ಮದುವೆ, ಒಂದೇ ವಾರದಲ್ಲಿ ಎರಡೂ ಇಟ್ಕೊಂಡ್ರೆ ಜನ ಸುಮ್ನಿರ್ತಾರಾ? ಆ ಕಂಪ್ಯೂಟರಿಗೊಂದು ನೀಲಿ ಮಣಿ ಕಟ್ಟು ಮಗಾ.”

“ಮೊದಲು ಇದು ಸರಿ ಹೋಗ್ಲಿ ಮದಾಮ್, ಆಮೇಲೆ ನನಗೇ ಒಂದು ಕಟ್ಟಿ.”

ಹನ್ನೆರಡು ಗಂಟೆಯ ಹೊತ್ತಿಗೆ ಲುತ್ಫಿಗೆ ಸತ್ಯ ಹೊಳೆಯಿತು. ಒಂದೇ ರೀತಿಯ ಎರಡು ಟೆಂಪ್ಲೇಟ್ ಇದ್ದವು. ಎರಡನೆಯದನ್ನು ಅವನೇ ರಮ್ಜಾನಿನಲ್ಲಿ, ಉಪವಾಸದ ಕೊನೇ ಗಂಟೆಯಲ್ಲಿ, ತಲೆ ಓಡದೆ ಮಾಡಿ ಮರೆತಿದ್ದ. ಪುಟ ನಡೆಯುತ್ತಿದ್ದದ್ದು ಆ ಎರಡನೆಯದರ ಮೇಲೆ. ಇವನು ಮೂರು ತಾಸಿನಿಂದ ಯಾರೂ ವಾಸವಿಲ್ಲದ ಮನೆಯ ಬಾಗಿಲಿಗೆ ಬಣ್ಣ ಬಳಿಯುತ್ತ ಕೂತಿದ್ದ.

ಎರಡನೆಯದನ್ನು ತೆರೆದು, ಮೊದಲನೆಯದರ ಹಸಿರು ಪರಿಣತಿ ಸಾಲನ್ನು ಹಾಗೇ ಇದಕ್ಕೂ ನಕಲಿಸಿ, ಇನ್ನು ಯಾವ ಅನುಮಾನವೂ ಬೇಡವೆಂದು, ಒಂದು ಪರೀಕ್ಷೆಯ ಸಾಲೂ ಹಾಕಿದ. ಸದಸ್ಯನ ಅರ್ಜಿಯಲ್ಲಿ ಏನೇನಿದೆಯೋ ಅಷ್ಟನ್ನೂ ತಂದು ಪುಟದ ಮೇಲೆ ಸುರಿ ಅಂತ. ಈ ಕಸುಬಿನವರೆಲ್ಲ ಮಾಡುವ ಕೆಲಸವೇ ಅದು. ಏನು ಬರುತ್ತೆ ಏನು ಬರಲ್ಲ ಅಂತ ಒಮ್ಮೆ ನೋಡಿಕೊಂಡು, ಎರಡು ನಿಮಿಷದಲ್ಲಿ ಅಳಿಸಿಬಿಡುತ್ತಾರೆ.

ಪುಟ ತೆರೆದ. ಬೋಳು.

ಲುತ್ಫಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಕೈರೋದಲ್ಲಿರುವ ಸರ್ವರ್ ಕಂಪನಿ ಪ್ರತಿ ಪುಟದ ಒಂದು ಹಳೇ ನಕಲು ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತಿದೆ ಎಂಬುದು ಹೊಟ್ಟೆ ತುಂಬಿದ್ದಿದ್ದರೆ ಅವನಿಗೆ ನೆನಪಾಗುತ್ತಿತ್ತು. ಬೆಳಗ್ಗೆಯಿಂದ ಒಂದು ಲೋಟ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. “ರೊಟ್ಟಿ ಜೊತೆ ಎರಡು ತುತ್ತು ಫೂಲ್ ಕಾಳು ತಿಂದು ಬರ್ತೀನಿ ಉಸ್ತಾದ್. ಯಾವುದನ್ನೂ ಮುಟ್ಟಬೇಡಿ” ಅಂತ ಹೇಳಿ ಎದ್ದ.

ಔಷಧಿ ಅಂಗಡಿಯ ಮುಂದೆ ಹಾದುಹೋಗುವಾಗ ನಹ್ಲಾ ಹೊರಗೆ ಬಂದಳು.

“ಆಯ್ತಾ?”

“ಆಗ್ತಾ ಇದೆ.”

“ಆಗ್ತಾ ಇದೆ ಅಂದ್ರೆ ಆಗಿಲ್ಲ ಅಂತ. ಅಪ್ಪ ಬೆಳಗ್ಗೆಯಿಂದ ಉಳಿ ಮುಟ್ಟಿಲ್ಲ, ಫೋನ್ ಹಿಡ್ಕೊಂಡು ಕೂತಿದ್ದಾರೆ. ಅವರು ನೋಡಿದ್ದ ಮನ್ಸೂರಾ ಊರಿನ ಹುಡುಗನ್ನ ನಿನಗೋಸ್ಕರ ಬೇಡ ಅನ್ನಿಸೋಕೆ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ಒಂದು ಸಾಲಿಗೋಸ್ಕರ ನನ್ನ ಕೈ ಬಿಡ್ಬೇಡ ಲುತ್ಫಿ.”

“ನಿನ್ನಾಣೆ, ಮೂರರೊಳಗೆ ಕಾಣುತ್ತೆ” ಅಂದ. ಕಂಡಿತು ಕೂಡ.

ಇವನು ಅತ್ತ ಹೋದದ್ದೇ ತಡ, ಉಸ್ತಾದ್ ಫಿಕ್ರಿ ಕೈರೋ ಕಂಪನಿಗೆ ಫೋನ್ ಮಾಡಿದರು. ಕಂಪ್ಯೂಟರ್ ಮುಟ್ಟಬೇಡಿ ಅಂದಿದ್ದ, ಫೋನ್ ಮುಟ್ಟಬೇಡಿ ಅಂದಿರಲಿಲ್ಲ. ಆ ಕಡೆ ಎತ್ತಿದ ಹೆಣ್ಣುಮಗಳಿಗೆ ಅವರು ಹದಿನೈದು ನಿಮಿಷ ಪಾಠ ಮಾಡಿದರು. ಶಿಸ್ತಿನ ಬಗ್ಗೆ, ದೇಶದ ಬಗ್ಗೆ, ಅವಳಿಗೆ ಅಪ್ಪ ಏನು ಕಲಿಸಿದ್ದಾನೆ ಎಂಬುದರ ಬಗ್ಗೆ. “ನಿಮ್ಮ ಹತ್ರ ನಮ್ಮದೇನೇನು ಹಳೇದು ಇದೆಯೋ ಎಲ್ಲ ಒರೆಸಿ ಹಾಕಿ!” ಅಂತ ಕೊನೆಗೆ ಗುಡುಗಿದರು. ಅದರ ಅರ್ಥ ಅವರಿಗೇ ಗೊತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಒರೆಸಿ ಹಾಕಿದಳು.

ಫಿಕ್ರಿ ಪುಟ ತೆರೆದರು. ಹಾಜಿ ದಸೂಕಿಯ ಫೋಟೋ ಕೆಳಗೆ ದಪ್ಪ ಹಸಿರು ಅಕ್ಷರದಲ್ಲಿ ಮೂವತ್ತು ವರ್ಷದ ಪರಿಣತಿ! ಕೆಳಗೆ ಇನ್ನೂ ಏನೇನೋ ಇತ್ತು. ಅದು ನೋಡಲು ಕನ್ನಡಕ ಬೇಕಿತ್ತು, ಕನ್ನಡಕ ಮನೆಯಲ್ಲಿತ್ತು. “ಹಸಿರೇ ಸರಿ ಅಂತ ನಾನು ಹೇಳಿರ್ಲಿಲ್ವಾ?” ಅಂತ ಮದಾಮ್ ಇಸ್ಮತ್ ಕಡೆ ತಿರುಗಿ, ಸಂಘದ ವಾಟ್ಸಾಪ್ ಗುಂಪಿಗೆ ತಾವೇ ಸಂದೇಶ ಒತ್ತಿದರು: ‘ಸಹೋದರರೇ, ನಿಮ್ಮ ನಿಮ್ಮ ಪುಟ ತೆರೆದು ನೋಡಿ. ಈಗ ಎಲ್ಲವೂ ಕಾಣುತ್ತಿದೆ. ಬಂಧುಮಿತ್ರರಿಗೂ ಕಳುಹಿಸಿ.’

ಲುತ್ಫಿ ಫೂಲ್ ಗಾಡಿಯ ಹತ್ತಿರ ಮೊದಲನೇ ತುತ್ತು ಬಾಯಿಗಿಡುತ್ತಿದ್ದ. ಆ ಕಡೆ ಪಾಲಿಶ್ ಅಂಗಡಿಯಿಂದ ಒಬ್ಬ ಈ ಕಡೆ ಸೋಫಾಕ್ಕೆ ಬಟ್ಟೆ ಹೊಡೆಯುವವನನ್ನು ಕೂಗಿದ: “ಏ ಶರ್ಬಾತ್ ಮಗನೇ! ಆ ಸುತ್ತಿಗೆ ಕೊಡೋ!”

ಸೋಫಾದವನು ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗಿದ. “ಏನಂದೆ?”

“ನಿಮ್ಮಮ್ಮನ ಹೆಸರು ಅಷ್ಟು ಸಿಹಿ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ!”

“ನಿಮ್ಮಮ್ಮನ ಹೆಸರು ಖದ್ರಾ ಅಂತ ನನಗೂ ಈಗ್ಲೇ ಗೊತ್ತಾಯ್ತು ಕಣೋ, ಖದ್ರಾ ಮಗನೇ!”

ಬೀದಿಯುದ್ದಕ್ಕೂ ಗರಗಸಗಳು ನಿಂತವು. ಒಂದೊಂದೇ ಅಂಗಡಿಯಿಂದ ಒಂದೊಂದು ಹೆಂಗಸಿನ ಹೆಸರು ಹೊರಟು ಎದುರಿನ ಅಂಗಡಿಗೆ ಬಡಿಯತೊಡಗಿತು. ಲುತ್ಫಿ ಜೇಬಿನಿಂದ ಫೋನ್ ತೆಗೆದು ನೋಡಿದ. ರಕ್ತದ ಗುಂಪು ಬಿ. ಸೈನ್ಯದ ಸೇವೆ ಮುಗಿದಿದೆ. ತಾಯಿಯ ಪೂರ್ಣ ಹೆಸರು… ಅವನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಬೆಕ್ಕೊಂದು ತಗೊಂಡು ಹೋಯಿತು.

ಓಡಿ ಬಂದು, ಏದುಸಿರು ಬಿಡುತ್ತ ಆ ಪರೀಕ್ಷೆಯ ಸಾಲನ್ನು ಅಳಿಸಿ, ಬರೀ ಪರಿಣತಿಯನ್ನು ಉಳಿಸಿದ. ಪುಟ ತೆರೆದ. ಎಲ್ಲ ತಾಯಂದಿರೂ ಇದ್ದ ಕಡೆಯೇ ಇದ್ದರು. ಸರ್ವರ್ ಈಗ ಈ ಪುಟದ ನಕಲನ್ನು ಭದ್ರವಾಗಿ ಎತ್ತಿಟ್ಟುಕೊಂಡಿತ್ತು. ಬೆಳಗ್ಗೆಯೆಲ್ಲ ಹಳೇದನ್ನು ಬಿಡದಿದ್ದ ಹಟಮಾರಿ, ಈಗ ಇದನ್ನು ಬಿಡದೆ ಕೂತಿತು.

ಕೈರೋಗೆ ಫೋನ್ ಹಚ್ಚಿದ. ಅದೇ ಹೆಣ್ಣುಮಗಳು.

“ತಂಗೀ, ದಯವಿಟ್ಟು ಹಳೇ ನಕಲು ಇನ್ನೊಂದ್ಸಲ ಒರೆಸಿಬಿಡಮ್ಮ.”

“ಯಾವ ಸಂಘ? ಓ, ನೀಲ್‌ದಂಡೆ. ಒರೆಸ್ತೀನಿ. ಮೊದಲು ಆಗ ಫೋನ್ ಮಾಡಿದ್ರಲ್ಲ, ಆ ದೊಡ್ಡ ಮನುಷ್ಯರು ನನಗೆ ಕ್ಷಮೆ ಕೇಳ್ಲಿ. ನಮ್ಮಪ್ಪನ ತನಕ ಹೋದ್ರು.”

ಲುತ್ಫಿ ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದ. “ಉಸ್ತಾದ್, ಒಂದು ಮಾತು ಕ್ಷಮೆ ಕೇಳಿಬಿಡಿ.”

“ನಾನಾ? ನಾನು ಮಂತ್ರಿಗೇ ಕೇಳ್ದವನಲ್ಲ!”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲಸಪ್ಪಳ. ಇಪ್ಪತ್ತು ಮೂವತ್ತು ಜನ ಒಳಗೆ ನುಗ್ಗಿದರು. ಮೈಮೇಲೆಲ್ಲ ಮರದ ಹೊಟ್ಟು, ಕೈಯಲ್ಲಿ ಫೋನು. ಮುಂದೆ ಹಾಜಿ ಮತ್ವಲ್ಲಿ.

“ಎಲ್ಲಿ ಆ ಇಂಜಿನಿಯರು? ಇಪ್ಪತ್ತು ವರ್ಷ ಸುಲ್ತಾನ ಅನ್ನಿಸ್ಕೊಂಡವನು ನಾನು. ಈಗ ಟೀ ಮಾರೋನೂ ನನ್ನ ‘ದೌಲತ್ ಮಗ’ ಅಂತಾನೆ! ಇವನು ಇವತ್ತೇ ಕೆಲಸ ಬಿಟ್ಟು ಹೋಗ್ಬೇಕು!”

“ನಲವತ್ತು ವರ್ಷ ಸಂಸಾರ ಮಾಡಿದೀನಿ” ಅಂತ ಹಿಂದಿನಿಂದ ಒಬ್ಬ ಮುದುಕ ಗೋಳಾಡಿದ, “ನನ್ನ ಹೆಂಡತಿಗೂ ನಮ್ಮಮ್ಮನ ಹೆಸರು ಗೊತ್ತಿರ್ಲಿಲ್ಲ. ಈಗ ಫೋನ್ ಮಾಡಿ ನಗ್ತಾಳೆ!”

“ಅಲ್ರೀ” ಅಂದರು ಮದಾಮ್ ಇಸ್ಮತ್, ಬೀಜದ ಪೊಟ್ಟಣ ಪಕ್ಕಕ್ಕಿಟ್ಟು, “ನನ್ನ ಮಗನೂ ನನ್ನ ಹೆಸರು ಬಚ್ಚಿಡ್ತಾನೆ. ನಾನೇನು ಕಳ್ಳಮಾಲಾ? ಹೆಸರು ಹೊರಗೆ ಬಂದ್ರೆ ಸಾಯೋರಂತೆ, ಹೊತ್ತು ಹೆತ್ತವರು ನಾವು!” ಆಮೇಲೆ ತಮ್ಮ ಕಂಪ್ಯೂಟರ್ ಕಡೆ ಬಗ್ಗಿ ನೋಡಿ, ಧ್ವನಿ ಸಣ್ಣ ಮಾಡಿದರು. “ಉಸ್ತಾದ್, ನಿಮ್ಮ ಪುಟವೂ ಇದೆ. ಅಮ್ಮನ ಹೆಸರು ಫುಲ್ಲಾ ಅಂತಾ? ತುಂಬಾ ಚೆನ್ನಾಗಿದೆ.”

ಫಿಕ್ರಿಯವರ ಮುಖ ಸುಣ್ಣದ ಹಾಗಾಯಿತು. “ಕೊಡು ಇಲ್ಲಿ ಫೋನು” ಅಂತ ಲುತ್ಫಿಯ ಕೈಯಿಂದ ಕಿತ್ತುಕೊಂಡು, ಗೋಡೆಯ ಕಡೆ ತಿರುಗಿ, “ಮಗಳೇ, ತಪ್ಪಾಯ್ತು” ಅಂದರು. ಅವರ ಬಾಯಿಂದ ಆ ಮಾತು ಕೇಳಿದವರು ದುಮ್ಯಾತಿನಲ್ಲಿ ಅವತ್ತಿನ ತನಕ ಯಾರೂ ಇರಲಿಲ್ಲ. ಆ ಕಡೆಯವಳು ಕೆಲಸದಲ್ಲಿ ಕೈಕೊಡುವವಳಲ್ಲ. ಅರ್ಧ ನಿಮಿಷದಲ್ಲಿ ತಾಯಂದಿರೆಲ್ಲ ಮಾಯವಾದರು.

ಆದರೆ ಪುಟದಿಂದ ಹೋದದ್ದು ಬೀದಿಯಿಂದ ಹೋಗುತ್ತದೆಯೇ? ಎಲ್ಲರೂ ಚಿತ್ರ ತೆಗೆದಿಟ್ಟುಕೊಂಡಾಗಿತ್ತು. ಮತ್ವಲ್ಲಿ ಇನ್ನೂ ಕೂಗುತ್ತಲೇ ಇದ್ದ. ಆಗ ಬಾಗಿಲಲ್ಲಿ ಹಾಜಿ ದಸೂಕಿ ಕಾಣಿಸಿಕೊಂಡರು. ಕೈಯಲ್ಲಿ ಉಳಿ. ಸಾಲು ಕಂಡ ಮೇಲೆ ಕೆಲಸಕ್ಕೆ ಕೂತವರು ಮಧ್ಯೆ ಎದ್ದು ಬಂದಿದ್ದರು ಅಂತ ಕಾಣುತ್ತೆ, ಆದರೆ ಲುತ್ಫಿಗೆ ಆ ಯೋಚನೆ ಬರಲಿಲ್ಲ. ಅವನು ಕುರ್ಚಿಯ ಹಿಂದೆ ಸರಿದ. ಜನ ದಾರಿ ಬಿಟ್ಟರು.

“ನಿನಗೆ ನಾನು ಹೇಳಿದ್ದು ಒಂದು ಸಾಲು” ಅಂದರು ಹಾಜಿ.

“ಹಾಜಿಯವರೇ, ದೇವರಾಣೆಗೂ ಬೇಕಂತ ಮಾಡಿದ್ದಲ್ಲ…”

“ಮಧ್ಯ ಬಾಯಿ ಹಾಕ್ಬೇಡ.” ಹಾಜಿ ಉಳಿಯನ್ನು ಮೇಜಿನ ಮೇಲಿಟ್ಟು ಕೂತುಕೊಂಡರು. “ನಮ್ಮಮ್ಮ ಹೋಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಯಾರ ಬಾಯಲ್ಲೂ ಅವಳ ಹೆಸರು ಕೇಳಿಲ್ಲ ನಾನು. ನಾನೂ ಹೇಳಿಲ್ಲ. ಇವತ್ತು ಹಾಸ್ಯ ಮಾಡೋಕೆ ಅಂತ ಒಬ್ಬ ಅಂಗಡಿಗೆ ಬಂದ. ‘ಸಿತ್ತುಹುಮ್ ಮಗನೇ’ ಅಂದ. ಹೊಡಿಯೋಕೆ ಎದ್ದೆ. ಅಷ್ಟರಲ್ಲಿ ಪಕ್ಕದ ಮೀನಿನವನು ಓಡಿ ಬಂದ. ‘ಅಯ್ಯೋ, ಬುರ್ಜ್ ಊರಿನ ಸಿತ್ತುಹುಮ್ ನಿಮ್ಮಮ್ಮನಾ? ನಮ್ಮಪ್ಪನ ದೋಣಿ ಮುಳುಗಿದ ವರ್ಷ ಚಳಿಗಾಲ ಪೂರ್ತಿ ನಮಗೆ ರೊಟ್ಟಿ ಕಳಿಸಿದ್ದು ಅವಳೇ’ ಅಂದ. ಆಮೇಲೆ ಇನ್ನೊಬ್ಬ ಬಂದ. ಮತ್ತೊಬ್ಬ ಬಂದ. ಒಬ್ಬನಿಗೆ ಬಲೆ ಹೆಣೆಯೋದು ಕಲಿಸಿದ್ದಳಂತೆ. ನನಗೆ ಇದ್ಯಾವುದೂ ಗೊತ್ತಿರ್ಲಿಲ್ಲ.” ಅವರ ಕಣ್ಣಲ್ಲಿ ನೀರು ನಿಂತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. “ಸಂಜೆ ನಿಮ್ಮಮ್ಮನ್ನ ಕರ್ಕೊಂಡು ಬಾ. ಮಗ್ರಿಬ್ ಆದ ತಕ್ಷಣ.”

ಗುಂಪು ಒಬ್ಬೊಬ್ಬರಾಗಿ ಕರಗಿತು. ಮತ್ವಲ್ಲಿ ಕೂಡ ಒಂದು ಸಲ ಕೆಮ್ಮಿ, “ನಮ್ಮ ದೌಲತ್ ಅಮ್ಮನೂ ಕಮ್ಮಿಯವಳಾಗಿರ್ಲಿಲ್ಲ” ಅಂತ ಹೇಳಿ ಇಳಿದು ಹೋದ.

ಲುತ್ಫಿ ಆ ಸಂಜೆ ಮೂರು ಸಲ ಮುಖ ತೊಳೆದ. ಅಪ್ಪ ತೀರಿಕೊಂಡಿದ್ದರಿಂದ ಹಿರಿಯರ ಜಾಗಕ್ಕೆ ಯಾರು ಅನ್ನುವಾಗಲೇ ಉಸ್ತಾದ್ ಫಿಕ್ರಿ ಟೈ ಕಟ್ಟಿಕೊಂಡು ಬಂದು ನಿಂತಿದ್ದರು. ಲುತ್ಫಿಯ ಅಮ್ಮ ಹೊಸ ಕಪ್ಪು ಉಡುಪು ತೊಟ್ಟು, ಎರಡು ಕಿಲೋ ಜಿಲೇಬಿಯಂಥ ಮಶಬ್ಬಕ್ ಹಿಡಿದು ಹೊರಟರು. ದಾರಿಯುದ್ದಕ್ಕೂ “ನನ್ನ ಮಗನ ಅದೃಷ್ಟ ತೆರೀತು” ಅಂತ ಎದುರು ಸಿಕ್ಕವರಿಗೆಲ್ಲ ಹೇಳಿದರು.

ಹಾಜಿಯ ಮನೆಯ ನಡುಮನೆಯಲ್ಲಿ ಅವರೇ ಕೆತ್ತಿದ ಚಿನ್ನದ ಬಣ್ಣದ ಕುರ್ಚಿಗಳು. ಫಾತಿಹಾ ಓದಿಸಲು ಮಸೀದಿಯ ಇಮಾಮರಾದ ಶೇಖ್ ಮುನೀರ್ ಬಂದು ಕೂತಿದ್ದರು. ಮಾತುಕತೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು. ಮನೆ ಯಾವುದು, ಮದುವೆ ಯಾವಾಗ, ಯಾವುದಕ್ಕೂ ಹಾಜಿ ತಕರಾರು ತೆಗೆಯಲಿಲ್ಲ. ಬಾಗಿಲ ಪರದೆಯ ಹಿಂದೆ ನಹ್ಲಾಳ ಬಳೆ ಸದ್ದು ಕೇಳಿ ಲುತ್ಫಿಗೆ ಎದೆ ತುಂಬಿ ಬಂತು. ಇಷ್ಟು ಸುಖ ತನಗೆ ಸಲ್ಲುತ್ತದೆ ಅಂತ ಅವನು ಎಣಿಸಿರಲಿಲ್ಲ.

“ಸರಿ, ಕೈ ಎತ್ತೋಣ” ಅಂದರು ಶೇಖ್ ಮುನೀರ್.

ಎಲ್ಲರೂ ಅಂಗೈ ಮೇಲೆ ಮಾಡಿ ಕೈ ಎತ್ತಿದರು. ಹಾಜಿ ಮಾತ್ರ, “ಒಂದು ನಿಮಿಷ ಶೇಖ್‌ರೇ. ಮೊದಲು ನಮ್ಮಮ್ಮನ ಆತ್ಮಕ್ಕೆ ಒಂದು ಫಾತಿಹಾ ಓದಿಬಿಡೋಣ. ಇವತ್ತು ಇಡೀ ಬೀದಿಗೆ ಗೊತ್ತಾದ ಹೆಸರು, ನಾನ್ಯಾಕೆ ಬಚ್ಚಿಡ್ಲಿ? ಸಿತ್ತುಹುಮ್, ಅವದ್ ಶಿನ್ನಾವಿಯ ಮಗಳು, ಎಜ್ಬತ್ ಅಲ್-ಬುರ್ಜಿನವಳು” ಅಂದರು.

ಲುತ್ಫಿಯ ಅಮ್ಮನ ಕೈ ಕೆಳಗಿಳಿಯಿತು.

“ಯಾರು ಅಂದ್ರಿ?”

“ಸಿತ್ತುಹುಮ್. ನಮ್ಮಮ್ಮ.”

“ಅವದ್ ಶಿನ್ನಾವಿ ಮಗಳಾ? ಗಲ್ಲದ ಮೇಲೆ ಸುಟ್ಟ ಗಾಯ ಇತ್ತಾ?”

“ಇತ್ತು, ಬಲಗಡೆ. ಒಲೆಯ ಕಿಡಿ ಹಾರಿ ಆದದ್ದು.” ಹಾಜಿ ನೆಟ್ಟಗೆ ಕೂತರು. “ನೀವು ಅವಳನ್ನ ಎಲ್ಲಿ ನೋಡಿದ್ರಿ?”

“ನಿಮಗೊಬ್ಬ ಕೊನೇ ತಮ್ಮ ಇದ್ದಾನಾ? ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದವನು?”

“ಸಅದ್. ಕುವೈತಿನಲ್ಲಿದ್ದಾನೆ. ಲುತ್ಫಿಯ ವಯಸ್ಸೇ.”

“ಅಯ್ಯೋ ನನ್ನ ದೇವರೇ” ಅಂತ ಅಮ್ಮ ಎದೆ ಹಿಡಿದುಕೊಂಡರು. “ಇವನನ್ನ ಹೆತ್ತಾಗ ನನಗೆ ಜ್ವರ ಏರಿ ಎಚ್ಚರ ಇರ್ಲಿಲ್ಲ, ಹಾಲೂ ಇರ್ಲಿಲ್ಲ. ಪಕ್ಕದ ಮಂಚದ ಹೆಂಗಸು ಹನ್ನೊಂದು ದಿನ ಇವನಿಗೂ ತನ್ನ ಮಗುವಿಗೂ ಒಟ್ಟಿಗೆ ಹಾಲು ಕುಡಿಸಿದ್ಲು. ಮಂಚಕ್ಕೆ ಕಟ್ಟಿದ್ದ ಚೀಟಿ ನೋಡಿ ನರ್ಸು ಓದಿ ಹೇಳಿದ್ದು ಈ ಹೆಸರೇ, ಈ ಊರೇ; ಗಲ್ಲದ ಗಾಯದ ಗುರುತು ಹೇಳಿದ್ದೂ ಅವಳೇ. ನನಗೆ ಎಚ್ಚರ ಬರೋಷ್ಟರಲ್ಲಿ ಆ ತಾಯಿ ಮನೆಗೆ ಹೊರಟುಹೋಗಿದ್ಲು. ಆಮೇಲೆ ಇವನನ್ನ ಸೊಂಟದ ಮೇಲಿಟ್ಕೊಂಡು ಬುರ್ಜಿಗೆ ಹೋದೆ ಹಾಜಿಯವರೇ, ಕಾಲಿಗೆ ಬೀಳ್ಬೇಕು ಅಂತ. ಒಬ್ಬ ಗಂಡಸೂ ಮನೆ ತೋರಿಸ್ಲಿಲ್ಲ. ಆ ಹೆಸರಿನ ಹೆಂಗಸು ಯಾರೂ ಇಲ್ಲ ಅಂದ್ರು. ಬಾವಿ ಹತ್ರ ಒಬ್ಬ ಇಪ್ಪತ್ತರ ಹುಡುಗ ನನ್ನ ಮೇಲೆ ಕೈ ಎತ್ತಿ, ‘ಬೀದಿಯಲ್ಲಿ ಹೆಂಗಸರ ಹೆಸರು ಕೇಳ್ತೀಯಲ್ಲ, ನಾಚಿಕೆ ಇಲ್ವಾ’ ಅಂತ ಬೈದು ಅಟ್ಟಿದ.”

ಹಾಜಿ ದಸೂಕಿ ತಲೆ ತಗ್ಗಿಸಿದರು. ಆಮೇಲೆ, “ನಾನೇ” ಅಂದರು. “ಅವನು ನಾನೇ ತಾಯೀ.”

 ಲುತ್ಫಿಗೆ ಇನ್ನೂ ಅರ್ಥವಾಗಿರಲಿಲ್ಲ. ಎಲ್ಲರೂ ಶೇಖ್ ಮುನೀರರ ಕಡೆ ಯಾಕೆ ನೋಡುತ್ತಿದ್ದಾರೆ ಅಂತ ಅವನೂ ಆ ಕಡೆ ನೋಡಿದ. ಶೇಖ್‌ರು ಎತ್ತಿದ ಕೈಗಳನ್ನು ನಿಧಾನವಾಗಿ ಮಡಿಲಿಗಿಳಿಸಿದರು.

“ಹನ್ನೊಂದು ದಿನವಾ ಅಮ್ಮಾ?”

“ಹನ್ನೊಂದು ದಿನ, ಹಗಲೂ ರಾತ್ರಿ.”

“ಐದು ಸಲ ಕುಡಿದಿದ್ರೂ ಸಾಕಿತ್ತು” ಅಂದರು ಶೇಖ್‌ರು. “ನಮ್ಮ ಧರ್ಮದ ಕಟ್ಟಳೆಯಲ್ಲಿ ಹಾಲು ಕೊಟ್ಟವಳು ತಾಯಿ. ಅವಳ ಮಕ್ಕಳು ಇವನಿಗೆ ಒಡಹುಟ್ಟಿದವರು. ಹಾಜಿ, ಇವನು ನಿಮ್ಮ ಸ್ವಂತ ತಮ್ಮ. ನಿಮ್ಮ ಮಗಳು ಇವನಿಗೂ ಮಗಳೇ. ಈ ಮದುವೆ ಆಗೋ ಹಾಗಿಲ್ಲ.”

“ಶೇಖ್‌ರೇ, ನನಗೆ ನೆನಪೇ ಇಲ್ಲವಲ್ಲ!” ಅಂದ ಲುತ್ಫಿ. 

“ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇದ್ದಿದ್ರೆ…” ಅಂತ ಏನೋ ಶುರು ಮಾಡಿದ ಉಸ್ತಾದ್ ಫಿಕ್ರಿ, ಅಮ್ಮನ ಮುಖ ನೋಡಿ ಸುಮ್ಮನಾದರು.

ಹಾಜಿ ಎದ್ದರು. ಎರಡೂ ತೋಳು ಚಾಚಿ ಬಂದು ಲುತ್ಫಿಯನ್ನು ಕುರ್ಚಿಯಿಂದ ಎತ್ತಿ ಎದೆಗೊತ್ತಿಕೊಂಡರು. ಆ ಗಟ್ಟಿ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. “ನಮ್ಮಮ್ಮನ ಹಾಲು ಕುಡಿದವನು ಕಣಯ್ಯಾ ನೀನು! ನನ್ನ ತಮ್ಮ! ಅವಳೇ ಕಳಿಸಿಕೊಟ್ಟಿದ್ದಾಳೆ!” ಅವರ ಹೆಗಲ ಮೇಲಿಂದ ಲುತ್ಫಿಗೆ ಬಾಗಿಲ ಪರದೆ ಕಾಣುತ್ತಿತ್ತು. ಪರದೆ ಸರಿದು ನಹ್ಲಾ ಶರಬತ್ತಿನ ತಟ್ಟೆ ಹಿಡಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು ಅನ್ನುವುದು ಗ್ಲಾಸುಗಳು ಒಂದಕ್ಕೊಂದು ತಾಗುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

“ಬಾ ಮಗಳೇ” ಅಂದರು ಹಾಜಿ, ಕಣ್ಣೊರೆಸಿಕೊಂಡು. “ಮೊದಲು ನಿನ್ನ ಚಿಕ್ಕಪ್ಪನಿಗೆ ಕೊಡು.”

ಅವಳು ತಟ್ಟೆ ಮುಂದೆ ಹಿಡಿದಳು. ತಲೆ ಎತ್ತಲಿಲ್ಲ. “ತಗೊಳ್ಳಿ” ಅಂದಳು, ಆಮೇಲೆ, “ಚಿಕ್ಕಪ್ಪಾ” ಅಂದಳು.

ಲುತ್ಫಿ ಒಂದು ಗ್ಲಾಸ್ ತೆಗೆದುಕೊಂಡ. ಕುಡಿಯಲಿಕ್ಕೆ ಆಗಲಿಲ್ಲ, ಕೆಳಗಿಡಲಿಕ್ಕೂ ಆಗಲಿಲ್ಲ.

ಹಾಜಿ ಅವನ ಹೆಗಲ ಮೇಲಿನ ಕೈ ತೆಗೆಯಲೇ ಇಲ್ಲ. “ಆ ಮನ್ಸೂರಾದವರಿಗೆ ನಾಳೆ ಬೆಳಗ್ಗೆನೇ ಫೋನ್ ಮಾಡ್ತೀನಿ, ಶುಕ್ರವಾರ ಬರ್ಲಿ. ನೀನು ಬೇಗ ಬಂದು ನನ್ನ ಪಕ್ಕ ಕೂತ್ಕೋಬೇಕು ತಮ್ಮಾ. ಹುಡುಗನ್ನ ಸರಿಯಾಗಿ ವಿಚಾರಿಸು, ಹುಡುಗಿಯ ಚಿಕ್ಕಪ್ಪ ಅಂದ್ಮೇಲೆ ಅದು ನಿನ್ನ ಜವಾಬ್ದಾರಿ.”